ಅವ್ವನ ಬೆಂಚಿನ ಮೇಲೆ ವಿರಾಜಮಾನವಾಗಿರುವ ತಮ್ಮ ಭಾವಚಿತ್ರದ ಕುರಿತು

ಸನ್ಮಾನ್ಯ ಶ್ರೀ ಬಿಂದುಮಾಧವರಾವ್ ಅವರ ಸನ್ನಿಧಿಗೆ,
ಮಾಜಿ ನಗರಸೇವಕರು, ತಮ್ಮದೇ ಫ್ಲೆಕ್ಸಿನ ಪ್ರಕಾರ ಭಾವಿ ಶಾಸಕರು,
ಛತ್ರಪತಿ ಸಂಭಾಜಿನಗರ.

ಮಾನ್ಯರೇ,

ತಮಗೂ, ತಮ್ಮ ಪರಿವಾರಕ್ಕೂ, ತಮ್ಮ ಫ್ಲೆಕ್ಸುಗಳ ಅಂಚಿನಲ್ಲಿ ಅಂಚೆಚೀಟಿಯಷ್ಟು ಮುಖ ತೋರಿಸಿ ಸಾಲಾಗಿ ನಗುವ ತಮ್ಮ ಮಿತ್ರಮಂಡಳಿಗೂ ನನ್ನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದನ್ನು ತಾವು ಮಾತಿನ ಮಟ್ಟಿಗೆ ಮಾತ್ರ ಸ್ವೀಕರಿಸಬೇಕು. ನಮ್ಮ ಓಣಿಯ ಫುಟ್‌ಪಾತಿನ ತುಂಬ ತಮ್ಮ ಚೌಕಟ್ಟುಗಳು ನಿಂತಿರುವುದರಿಂದ ಅಡ್ಡಬೀಳುವಷ್ಟು ನೆಲ ಸದ್ಯಕ್ಕೆ ಖಾಲಿ ಇಲ್ಲ.

ನಾನು ರವಿಕಾಂತ, ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಪತ್ರವ್ಯವಹಾರದ ಮೇಜಿಗೆ ಅಂಟಿಕೊಂಡು, ಮೊದಲು ನಾಸಿಕದಲ್ಲಿ, ಆಮೇಲೆ ತಮ್ಮ ಈ ನಗರದಲ್ಲಿ ಕೂದಲು ನರೆಸಿಕೊಂಡು ನಿವೃತ್ತನಾದವನು. ಹೀಗಾಗಿ ಹೊಟ್ಟೆ ಉರಿಯುತ್ತಿರುವಾಗಲೂ ನನ್ನ ಪೆನ್ನು 'ಮಾನ್ಯರೇ' ಎಂದೇ ಶುರುಮಾಡುತ್ತದೆ. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಮರಾಠಿಯಲ್ಲಿ ಬರೆದರೆ ತಾವು ಓದುತ್ತೀರಿ, ಓದಿದರೆ ಕೂಡಲೇ ನನ್ನನ್ನು ಕರೆಸಿ ಇನ್ನೊಂದು ಸಲ ಸತ್ಕಾರ ಮಾಡುತ್ತೀರಿ ಎಂಬ ಭಯ ನನ್ನದು. ಆ ಭಯಕ್ಕೆ ಕಾರಣವೇನೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ದೂರು ಹೇಳುವ ಮೊದಲು ತಮ್ಮ ಸೇವೆಯನ್ನು ಸ್ಮರಿಸದಿದ್ದರೆ ನನಗೆ ದೋಷ ತಟ್ಟೀತು. ತಾವು ನಗರಸೇವಕರಾಗಿದ್ದ ಕಾಲದಲ್ಲಿ ತಮ್ಮ ದರ್ಶನ ನಮಗೆ ದುರ್ಲಭವಾಗಿತ್ತು. ಕುರ್ಚಿ ಹೋದಂದಿನಿಂದ ತಾವು ಕಂಬಕಂಬದಲ್ಲೂ ಕಾಣಿಸಿಕೊಳ್ಳುತ್ತಿದ್ದೀರಿ. ಯಾರೇ ತೀರಿಕೊಳ್ಳಲಿ, ಯಾರೇ ಹುಟ್ಟಲಿ, ಯಾರದೇ ಮಗಳು ಪರೀಕ್ಷೆ ಪಾಸಾಗಲಿ, ಸುದ್ದಿ ಆ ಮನೆಯ ನೆಂಟರಿಗೆ ಮುಟ್ಟುವ ಮೊದಲೇ ತಮ್ಮ ಫ್ಲೆಕ್ಸು ಓಣಿಗೆ ಮುಟ್ಟಿರುತ್ತದೆ. ಇಗತಪುರಿಯಲ್ಲಿ ಜೋರು ಮಳೆಯಾಯಿತೆಂದು ತಾವು ವರುಣದೇವನನ್ನು ಹಾರ್ದಿಕವಾಗಿ ಅಭಿನಂದಿಸಿದ್ದನ್ನೂ, ನಾಸಿಕಕ್ಕೆ ಗೋದಾವರಿ ಸ್ನಾನಕ್ಕೆ ಹೊರಟ ಯಾತ್ರಿಕರಿಗೆ ನಮ್ಮ ಓಣಿಯ ತುದಿಯಲ್ಲಿ, ಮುಂದೆ ದಾರಿಯೇ ಇಲ್ಲದ ಗೋಡೆಯ ಮೇಲೆ, ಸುಖಪ್ರಯಾಣ ಕೋರಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ನಲ್ಲಿಗೆ ನೀರು ಬಂದ ದಿನ ಆ ನೀರನ್ನು ಸ್ವಾಗತಿಸಿ ತಾವು ಹಾಕಿಸಿದ ಫ್ಲೆಕ್ಸು, ನೀರು ಹೊರಟುಹೋದ ಮೇಲೂ ಬಹಳ ದಿನ ಸ್ವಾಗತಿಸುತ್ತಲೇ ನಿಂತಿತ್ತು.

ಇನ್ನು ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ತಾವು ಪ್ರತಿ ಬೆಳಿಗ್ಗೆ ಕಳಿಸುವ 'ನಾಗರಿಕ ಚಿಂತನ'ದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ದೌಲತಾಬಾದ್ ಕೋಟೆಯ ಬಾಗಿಲಿನ ಹಾಗೆ ನಾಗರಿಕರ ಮನಸ್ಸು ಭದ್ರವಾಗಿರಬೇಕೆಂದು ಸೋಮವಾರ ಹೇಳಿದಿರಿ. ಮನಸ್ಸಿನ ಬಾಗಿಲನ್ನು ಸದಾ ತೆರೆದಿಡಬೇಕೆಂದು ಮಂಗಳವಾರ ಹೇಳಿದಿರಿ. ನನ್ನ ಮಗಳು ರೂಪಾ, ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಟ್ಟೇ ಬೆಳೆದವಳು, ತನ್ನ ಅರೆಬರೆ ಕನ್ನಡದಲ್ಲಿ ಇವನ್ನೆಲ್ಲ ನನ್ನ ಅವ್ವನಿಗೆ ಹೇಳಿ ತೋರಿಸುತ್ತಾಳೆ. ಅವುಗಳಲ್ಲಿ ಅವ್ವನಿಗೆ ಬಹಳ ಹಿಡಿಸಿದ್ದು ಒಂದು: ಹಿರಿಯರಿಗೆ ಕೂರಲು ಜಾಗ ಕೊಡುವ ನಗರವೇ ನಿಜವಾದ ನಗರ. ಈ ಮನುಷ್ಯ ದೊಡ್ಡ ಮಾತು ಆಡಿದ್ದಾನೆ ಎಂದು ಅವ್ವ ಎರಡು ದಿನ ಹೊಗಳಿದಳು. ಆ ಮಾತು ಮುಂದೆ ಎಲ್ಲಿ ಬಂದು ಕೂರಲಿದೆ ಎಂಬುದು ಆಗ ಅವಳಿಗೆ ಗೊತ್ತಿರಲಿಲ್ಲ.

ಮಾನ್ಯರೇ, ಈಗ ಬೆಂಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೂ ಮಹಾದೇವನ ಗುಡಿಗೂ ನಟ್ಟನಡುವೆ, ಬೇವಿನ ಮರದ ಕೆಳಗೆ ಒಂದು ಸಿಮೆಂಟಿನ ಬೆಂಚು ಇದೆ. ಅದರ ಬೆನ್ನಿಗೆ ತಮ್ಮ ಶುಭನಾಮವನ್ನು ಕೆತ್ತಿಸಿ, ತಮ್ಮ ನಿಧಿಯಿಂದ ನಾಗರಿಕರಿಗೆ ಸಮರ್ಪಣೆ ಎಂದು ತಾವೇ ಬರೆಸಿದ್ದೀರಿ. ಕೊಟ್ಟವರು ತಾವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬೇರೆ ಯಾರೋ ಕೊಟ್ಟ ಬೆಂಚಾಗಿದ್ದರೆ ನನಗೆ ಇಷ್ಟು ಸಂಕಟವೂ ಆಗುತ್ತಿರಲಿಲ್ಲ.

ನನ್ನ ಅವ್ವ ಚನ್ನಮ್ಮನಿಗೆ ಮೊಣಕಾಲು ನೋವು. ಕೂತರೆ ಕಾಲು ಗಂಟು ಕಟ್ಟುತ್ತದೆ, ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮನೆಯಿಂದ ಗುಡಿಯವರೆಗೆ ಒಂದೇ ಬೀಸಿಗೆ ನಡೆಯುವುದು ಅವಳಿಂದ ಆಗದ ಮಾತು. ಅರ್ಧ ದಾರಿ ನಡೆದು, ಆ ಬೆಂಚಿನ ಮೇಲೆ ಕೂತು ಕಾಲು ತೀಡಿಕೊಂಡು, ಉಳಿದರ್ಧ ನಡೆಯುತ್ತಿದ್ದಳು. ಬೆಂಚು ಇದ್ದರೆ ಮಹಾದೇವ, ಇಲ್ಲದಿದ್ದರೆ ಇಲ್ಲ, ಲೆಕ್ಕ ಅಷ್ಟೇ.

ಅಲ್ಲಿಗೆ ಆಚೆ ಓಣಿಯ ಕಸ್ತೂರಿಬಾಯಿಯೂ ಬರುತ್ತಿದ್ದರು. ಅವರದೂ ಅವ್ವನದೇ ವಯಸ್ಸು, ಅವ್ವನದೇ ಮೊಣಕಾಲು. ಅವ್ವನಿಗೆ ಮರಾಠಿ ಬಾರದು, ಕಸ್ತೂರಿಬಾಯಿಗೆ ಕನ್ನಡ ಬಾರದು, ಇಬ್ಬರೂ ಬಿಸಿಲೇರುವ ತನಕ ಮಾತಾಡುತ್ತಿದ್ದರು. ಕಸ್ತೂರಿಬಾಯಿಗೆ ಹೊಸ ಹಲ್ಲಿನ ಸೆಟ್ಟು ಹೊಂದಿಕೆಯಾಗದೆ ಅದನ್ನು ಡಬ್ಬಿಯಲ್ಲೇ ಇಟ್ಟಿರುವುದು, ಅವರ ಸೊಸೆ ಮುನಿಸಿಕೊಂಡು ತವರಿಗೆ ಹೋಗಿ ಹೋಳಿ ಹಬ್ಬಕ್ಕೆ ತಾನಾಗಿಯೇ ವಾಪಸು ಬಂದದ್ದು, ಎಲ್ಲವೂ ನಮ್ಮ ಮನೆಗೆ ಅವ್ವನ ಮುಖಾಂತರ ಬರುತ್ತಿತ್ತು. ನಿನಗೆ ಹೇಗೆ ತಿಳಿಯಿತು ಎಂದು ಕೇಳಿದರೆ, ಅವಳೇ ಹೇಳಿದಳಲ್ಲ ಎಂದು ನನ್ನನ್ನೇ ದಡ್ಡನ ಹಾಗೆ ನೋಡುತ್ತಿದ್ದಳು. ಮನೆಯ ಹೊರಗೆ ಇಡೀ ಈ ಊರಿನಲ್ಲಿ ಅವ್ವನಿಗೆ ತನ್ನವರು ಅಂತ ಇದ್ದದ್ದು ಆ ಒಬ್ಬರೇ, ಅವರು ಸಿಗುತ್ತಿದ್ದದ್ದು ಆ ಬೆಂಚಿನ ಮೇಲೆ ಮಾತ್ರ.

ಇಂಥ ಬೆಂಚಿನ ಮೇಲೆ ಮೊದಲು ಬಂದದ್ದು ಶ್ರದ್ಧಾಂಜಲಿ. ನಾಸಿಕದಲ್ಲಿರುವ ತಮ್ಮ ಬೀಗರ ಸೋದರಮಾವ ತೀರಿಕೊಂಡರೆಂದು, ಅವರನ್ನು ಎಂದೂ ನೋಡಿರದ ನಮ್ಮ ಓಣಿಗೆ ತಾವು ದುಃಖ ಹಂಚಿದಿರಿ. ತಮ್ಮ ಫ್ಲೆಕ್ಸು ಕಟ್ಟುವ ರೋಷನ್ ಎಂಬವರು ಫುಟ್‌ಪಾತಿನಲ್ಲಿ ಜಾಗ ಸಾಲದೆ ಚೌಕಟ್ಟಿನ ಕಾಲುಗಳನ್ನು ಬೆಂಚಿನ ಮೇಲೇ ಇಟ್ಟು, ಹಿಂದಿನ ಬೆನ್ನಿಗೆ ತಂತಿ ಬಿಗಿದು ಹೋದರು. ಅದರಲ್ಲಿ ತೀರಿಕೊಂಡವರು ಮೂಲೆಯಲ್ಲಿ ಚಿಕ್ಕದಾಗಿಯೂ, ತಾವು ನಡುವೆ ಕೈಮುಗಿದು ದೊಡ್ಡದಾಗಿಯೂ ಇದ್ದದ್ದರಿಂದ, ಕನ್ನಡಕ ಮರೆತು ಬಂದ ಹಿರಿಯರು ಕೆಲವರು ನೇರವಾಗಿ ತಮ್ಮ ಮನೆಗೇ ಸಾಂತ್ವನ ಹೇಳಲು ಹೊರಟಿದ್ದರಂತೆ.

ಶ್ರದ್ಧಾಂಜಲಿಯ ಫ್ಲೆಕ್ಸನ್ನು ಹದಿಮೂರನೇ ದಿನದ ಮೊದಲು ಮುಟ್ಟಬಾರದು, ಹೋದವರಿಗೆ ಒಳ್ಳೆಯದಲ್ಲ ಎಂದು ಓಣಿಯವರೆಲ್ಲ ಹೇಳಿದರು. ನಾವೂ ಮರ್ಯಾದಸ್ಥರು, ಕಾದೆವು. ಹದಿಮೂರನೇ ದಿನ ಬೆಳಿಗ್ಗೆ ಅದರ ಮೇಲೆಯೇ ತಮ್ಮ ತಮ್ಮನ ಮಗನ ಹುಟ್ಟುಹಬ್ಬ ಬಂತು. ಹುಟ್ಟುಹಬ್ಬ ಹಳತಾಗುವಷ್ಟರಲ್ಲಿ ಇಲ್ಲಿನ ಯುಗಾದಿಯಾದ ಗುಡಿ ಪಾಡ್ವಾ ಬಂತು. ಪಾಡ್ವಾದ ಮೇಲೆ ಮತ್ತೊಂದು ಮರಣ, ಮರಣದ ಮೇಲೆ ಯಾರದೋ ಬಡ್ತಿ, ಬಡ್ತಿಯ ಮೇಲೆ ತಮ್ಮ ಚಿಂತನ. ಹಿರಿಯರಿಗೆ ಕೂರಲು ಜಾಗ ಕೊಡುವ ನಗರವೇ ನಿಜವಾದ ನಗರ ಎಂಬ ಆ ಮಾತು ಬಣ್ಣಬಣ್ಣದ ದೊಡ್ಡ ಅಕ್ಷರಗಳಲ್ಲಿ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಕೂತುಬಿಟ್ಟಿತು. ರೂಪಾ ಅದನ್ನು ಅವ್ವನಿಗೆ ಓದಿ ಹೇಳಬಾರದಿತ್ತು, ಹೇಳಿದಳು.

ಅವ್ವ ಕೆಲವು ದಿನ ಬೆಂಚಿನವರೆಗೆ ಹೋಗಿ, ಬೇವಿನ ಮರ ಹಿಡಿದು ನಿಂತು ವಾಪಸು ಬಂದಳು. ಆಮೇಲೆ ಹೋಗುವುದನ್ನೇ ಬಿಟ್ಟಳು. ಬೆಳಿಗ್ಗೆ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಹೊರಡಬೇಕಾದವಳು ಜಗಲಿಯಲ್ಲೇ ಕೂತು ಕಾಲು ತೀಡುತ್ತಿದ್ದಳು. ಕಸ್ತೂರಿಬಾಯಿಯ ಮನೆಯ ಸುದ್ದಿ ನಮ್ಮ ಮನೆಗೆ ಬರುವುದು ನಿಂತಿತು. ಅವರ ಹಲ್ಲಿನ ಸೆಟ್ಟು ಏನಾಯಿತೋ ಎಂದು ಅವ್ವ ಊಟಕ್ಕೆ ಕೂತಾಗ ಒಮ್ಮೆ ಕೇಳಿದಳು.

ಹೀಗಿರುವಾಗ ನಾನು ತಮ್ಮ ಜನಸಂಪರ್ಕ ಕಚೇರಿಗೆ ಬಂದೆ. ತಮಗೆ ನೆನಪಿರಬಹುದು. ನಾನು ಬಾಯಿ ತೆರೆಯುವ ಮೊದಲೇ ಚಹಾ ಬಂತು, ಚಹಾ ಮುಗಿಯುವ ಮೊದಲೇ ಶಾಲು ಬಂತು, ಶಾಲಿನ ಹಿಂದೆ ತೆಂಗಿನಕಾಯಿ ಬಂತು, ತೆಂಗಿನಕಾಯಿ ನನ್ನ ಕೈಸೇರುವಾಗ ಫೋಟೋ ತೆಗೆದದ್ದಾಯಿತು. ಈ ಪ್ರಾಂತ್ಯದ ಸತ್ಕಾರದ ಪದ್ಧತಿ ನನಗೆ ಹೊಸದಲ್ಲ. ಆದರೆ ದೂರು ತಂದವನನ್ನೇ ಸತ್ಕರಿಸಿ ದೂರಿನ ಬಾಯಿ ಮುಚ್ಚಿಸುವ ಕಲೆಯನ್ನು ನಾನು ನನ್ನ ಕಚೇರಿಯ ಇಷ್ಟು ವರ್ಷಗಳಲ್ಲಿ ಎಲ್ಲಿಯೂ ಕಂಡಿರಲಿಲ್ಲ. ಎರಡೂ ಕೈಯಲ್ಲಿ ತೆಂಗಿನಕಾಯಿ ಹಿಡಿದವನು ಅರ್ಜಿ ಹೇಗೆ ಕೊಟ್ಟಾನು? ಮರುದಿನ ಗುಂಪಿನಲ್ಲಿ ನನ್ನ ಫೋಟೋ ಬಂತು, ಕೆಳಗೆ 'ಜಾಗೃತ ನಾಗರಿಕ' ಎಂದಿತ್ತು. ಬೆಂಚಿನ ಮೇಲೆ ಚಿಂತನ ಹಾಗೆಯೇ ಇತ್ತು.

ಮುಂದಿನ ವಾರ ಅವ್ವನನ್ನೇ ರಿಕ್ಷಾದಲ್ಲಿ ಕೂರಿಸಿಕೊಂಡು ಬಂದೆ. ಅವಳ ಕಾಲು ನೋಡಿದರಾದರೂ ತಮಗೆ ಬೆಂಚು ನೆನಪಾದೀತೆಂಬ ಆಸೆ. ತಾವು ಎದ್ದು ಬಂದು ಅವಳ ಪಾದ ಮುಟ್ಟಿದಿರಿ, ಆಯಿ ಎಂದು ಕರೆದಿರಿ, ಅವಳ ಮೊಣಕಾಲಿನ ಕತೆಯನ್ನು ನನ್ನಿಂದ ಪೂರ್ತಿ ಕೇಳಿ ಕಣ್ಣೊರೆಸಿಕೊಂಡಿರಿ. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ತಾವು ನನಗೂ ಒಳ್ಳೆಯವರಾಗಿಯೇ ಕಂಡಿರಿ. ಅವ್ವನಿಗೂ ಶಾಲು ಹೊದಿಸಿ, ಫೋಟೋ ತೆಗೆಸಿ, ಇದೆಲ್ಲ ನಿಮ್ಮದೇ ಆಯಿ, ನಿಮ್ಮ ಕೆಲಸ ಆಯಿತೆಂದೇ ತಿಳಿಯಿರಿ ಎಂದು ಮರಾಠಿಯಲ್ಲಿ ಹೇಳಿ ಬಾಗಿಲತನಕ ಬಂದು ಬೀಳ್ಕೊಟ್ಟಿರಿ. ಅವ್ವ ರಿಕ್ಷಾದಲ್ಲಿ ಏನಂದ ಎಂದು ಕೇಳಿದಳು, ನಾನು ಅಕ್ಷರ ಬಿಡದೆ ಹೇಳಿದೆ. ಎಲ್ಲಾ ನಂದೇ ಅಂದನಾ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.

ಎರಡು ದಿನಕ್ಕೆ ಬೆಂಚಿನ ಮೇಲಿನ ಚಿಂತನವನ್ನು ಬಿಚ್ಚುತ್ತಿದ್ದಾರೆಂದು ರೂಪಾ ಓಡಿಬಂದು ಹೇಳಿದಳು. ಅವ್ವ ಇಳಕಲ್ ಸೀರೆ ಉಟ್ಟಳು, ಗುಡಿಗೆ ಹೂವು ಕಟ್ಟಿಕೊಂಡಳು, ಕಸ್ತೂರಿಬಾಯಿಗೆಂದು ಸೆರಗಿನ ತುದಿಯಲ್ಲಿ ಶೇಂಗಾ ಉಂಡೆ ಗಂಟು ಹಾಕಿಕೊಂಡಳು. ಹಲ್ಲಿಲ್ಲದವರಿಗೆ ಉಂಡೆಯೇ ಎಂದು ಕೇಳಿದ್ದಕ್ಕೆ, ಸೆಟ್ಟು ಇಷ್ಟೊತ್ತಿಗೆ ಹೊಂದಿರಬೇಕು ಎಂದಳು. ನಾನು ಜೊತೆಗೆ ನಡೆದೆ. ತಿರುವಿನಲ್ಲಿ ಬೇವಿನ ಮರ ಕಂಡಿತು, ಮರದ ಕೆಳಗೆ ಬೆಂಚು ಕಾಣಲಿಲ್ಲ. ಬೆಂಚಿನ ಮೇಲೆ ಹಿಂದೆಂದಿಗಿಂತಲೂ ಅಗಲವಾದ ಹೊಸ ಫ್ಲೆಕ್ಸು ಇತ್ತು. ಎಡಗಡೆ ಕೈಮುಗಿದ ತಾವು, ಬಲಗಡೆ ಶಾಲು ಹೊದ್ದು ಬೆಪ್ಪಾಗಿ ನೋಡುತ್ತಿರುವ ನನ್ನ ಅವ್ವ. ನಾವು ಕನ್ನಡದವರೆಂದು ನಾನು ಹೇಳಿದ್ದನ್ನು ತಾವು ಇಲ್ಲೇ ಹತ್ತಿರದ 'ಕನ್ನಡ' ಎಂಬ ಹೆಸರಿನ ಮರಾಠಿ ತಾಲೂಕಿಗೆ ಜಮಾ ಮಾಡಿ, ಆ ತಾಲೂಕಿನ ಹೆಮ್ಮೆ, ನಿತ್ಯ ನಡಿಗೆಯ ಆದರ್ಶ ಮಾತೆ ಚನ್ನಮ್ಮ ಅವರಿಗೆ ಹಾರ್ದಿಕ ಅಭಿನಂದನೆಗಳು ಎಂದು ಬರೆಸಿದ್ದಿರಿ.

ಅವ್ವ ಮರ ಹಿಡಿದು ಅದನ್ನು ಬಹಳ ಹೊತ್ತು ನೋಡಿದಳು. ಅಕ್ಷರ ತಿಳಿಯದಿದ್ದರೂ ತನ್ನ ಮುಖ ಅವಳಿಗೆ ತಿಳಿಯಿತು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಇದ್ದ ಸಂಗತಿ ಹೇಳುವವಳಂತೆ ಹೇಳಿದಳು:

“ನಂದು ಫೋಟೋ ಕುಂತದ. ನಾ ನಿಂತೀನಿ.”

ಮಾನ್ಯರೇ, ನನಗೆ ಆಗ ನಿಜವಾಗಿ ಸಿಟ್ಟು ಬಂತು. ಅಷ್ಟು ವರ್ಷ ಸಾಹೇಬರುಗಳ ಕೈಕೆಳಗೆ ಕೆಲಸ ಮಾಡಿ ಎಲ್ಲಿ ಹೂತಿಟ್ಟಿದ್ದೆನೋ ಗೊತ್ತಿಲ್ಲ, ಅದೆಲ್ಲ ಒಟ್ಟಿಗೇ ಎದ್ದುಬಂತು. ಅಲ್ಲೇ ಮುಂದಿನ ಕಂಬಕ್ಕೆ ಇನ್ನೊಂದನ್ನು ಕಟ್ಟುತ್ತಿದ್ದ ರೋಷನ್ ಅವರನ್ನು ಕರೆದು, ಇದನ್ನು ಈಗಿಂದೀಗ ಬಿಚ್ಚಿ ಎಂದೆ. ದಾದಾ ಅವರ, ಅಂದರೆ ತಮ್ಮ, ಮುಖವಿರುವುದನ್ನು ಅವರ ಅಪ್ಪಣೆಯಿಲ್ಲದೆ ಬಿಚ್ಚಿದರೆ ಅವರ ಕೊರಳಿಗೆ ಕೈಹಾಕಿದ ಹಾಗೆ ಎಂದು ಅವರು ಹಿಂದೆ ಸರಿದರು. ನಾನು ಕಾನೂನು ಹೇಳಿದೆ, ಕಲಮು ಹೇಳಿದೆ, ನೆನಪಿಲ್ಲದ ಕಲಮುಗಳನ್ನೂ ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು, ಕೈ ಮಾತ್ರ ತಂತಿಯ ಕಡೆಗೆ ಹೋಗಲಿಲ್ಲ.

ಆಗ ಅವ್ವ ನನ್ನನ್ನು ಸರಿಸಿ ಮುಂದೆ ಬಂದಳು. ತಾವು ತಮ್ಮ ಬಾಯಿಂದಲೇ ಇದೆಲ್ಲ ನಿನ್ನದು ಎಂದು ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಫ್ಲೆಕ್ಸಿನ ಮೇಲಿನ ತನ್ನ ಮುಖವನ್ನು ಬೆರಳಿನಿಂದ ತೋರಿಸಿ, ಆಮೇಲೆ ತನ್ನ ಎದೆ ಮುಟ್ಟಿಕೊಂಡು, “ತಮ್ಮಾ, ನನ್ನ ಮಾರಿ ನಾ ಮನಿಗಿ ಒಯ್ತೀನಿ, ಬಿಚ್ಚು” ಎಂದಳು. ರೋಷನ್ ಅವರಿಗೆ ಕನ್ನಡ ಬಾರದು. ಅವರು ಫ್ಲೆಕ್ಸಿನ ಮುಖವನ್ನೂ ಅವ್ವನ ಮುಖವನ್ನೂ ಒಂದೆರಡು ಸಲ ಹೋಲಿಸಿ ನೋಡಿ, ಸತ್ಕಾರಮೂರ್ತಿಯೇ ನೆನಪಿಗೆಂದು ಕೇಳುವಾಗ ಕೊಡದಿದ್ದರೆ ದಾದಾಗೆ ಬೇಸರವಾದೀತು ಎಂದು ತಮ್ಮಷ್ಟಕ್ಕೆ ಸಮಾಧಾನ ಹೇಳಿಕೊಂಡು, ಪಕ್ಕಡ ತೆಗೆದು ತಂತಿ ಕತ್ತರಿಸಿದರು. ಕೆಳಗಿದ್ದ ಬಡ್ತಿ, ಮರಣ, ಪಾಡ್ವಾ, ಹುಟ್ಟುಹಬ್ಬ, ಶ್ರದ್ಧಾಂಜಲಿಗಳೂ ಅದರ ಜೊತೆಗೇ ಸುರುಳಿಯಾಗಿ ಹೋದವು. ಬೆಂಚಿನ ಬೆನ್ನಿನ ಮೇಲೆ ತಮ್ಮ ಸಮರ್ಪಣೆಯ ಅಕ್ಷರಗಳು ಬಿಸಿಲು ಕಂಡು ಎಷ್ಟು ದಿನವಾಗಿತ್ತೋ.

ಅವ್ವ ಕೂತಳು. ಕೂತು, ಸೆರಗಿನ ಗಂಟು ಬಿಚ್ಚಿ ಆಚೆ ಓಣಿಯ ಕಡೆ ನೋಡುತ್ತಿದ್ದಳು. ಕಸ್ತೂರಿಬಾಯಿಗೆ ಯಾರು ಹೇಳಿದರೋ, ಗೋಡೆ ಹಿಡಿದು ಹಿಡಿದು ಬಂದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು, ಏಕಕಾಲಕ್ಕೆ, ಎರಡು ಭಾಷೆಯಲ್ಲಿ, ಸನ್ಮಾನ್ಯರಾದ ತಮ್ಮನ್ನು ಬೈದರು. ಕಸ್ತೂರಿಬಾಯಿಯ ಬಾಯಲ್ಲಿ ಹಲ್ಲಿದ್ದವು.

ಇಷ್ಟೆಲ್ಲ ಆದ ಮೇಲೆ ನನ್ನ ವಿನಂತಿಗಳು ಅತ್ಯಲ್ಪ. ತಮ್ಮ ಬಂಧುಬಳಗದಲ್ಲಿ ಯಾರೂ ಸಾಯದಂತೆ, ಹುಟ್ಟದಂತೆ, ಪಾಸಾಗದಂತೆ ತಾವು ದಯಮಾಡಿ ಏರ್ಪಾಡು ಮಾಡಬೇಕು. ಅದು ಕಷ್ಟವೆನಿಸಿದರೆ, ಫ್ಲೆಕ್ಸಿನ ನಡುವೆ ಎರಡು ಕಿಟಕಿ ಕೊರೆಸಬೇಕು. ಇಬ್ಬರು ಮುದುಕಿಯರು ಅದರ ಹಿಂದೆ ಕೂತು ತಲೆ ಹೊರಗೆ ಹಾಕಿ ಮಾತಾಡಿಕೊಳ್ಳುತ್ತಾರೆ, ತಮ್ಮ ಶುಭಾಶಯಕ್ಕೂ ಜೀವ ಬಂದ ಹಾಗಾಗುತ್ತದೆ. ಅದೂ ಆಗದಿದ್ದರೆ, ಶ್ರದ್ಧಾಂಜಲಿಯ ಹದಿಮೂರು ದಿನ ತಾವೇ ಖುದ್ದಾಗಿ ಬೇವಿನ ಮರದ ಪಕ್ಕ ಕೈಮುಗಿದು ನಿಲ್ಲಬೇಕು. ಜನ ತಮ್ಮನ್ನು ನೋಡಲು ಇಷ್ಟಪಡುತ್ತಾರೆಂಬ ತಮ್ಮ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಮಧ್ಯಾಹ್ನ ಚಹಾ ನಮ್ಮ ಮನೆಯಿಂದ ಬರುತ್ತದೆ, ಶಾಲು ತೆಂಗಿನಕಾಯಿಗೂ ಕೊರತೆ ಮಾಡುವುದಿಲ್ಲ.

ಈ ಮಧ್ಯೆ ಬೆಂಚು ಖಾಲಿ ಕಂಡರೆ ಮತ್ತೆ ಏನಾದರೂ ಬಂದು ಕೂತೀತೆಂದು ಇಬ್ಬರೂ ಪಾಳಿ ಹಾಕಿಕೊಂಡಿದ್ದಾರೆ. ಬೆಳಿಗ್ಗೆ ಬೇಗ ಕಸ್ತೂರಿಬಾಯಿ, ಸಂಜೆ ಅವ್ವ, ನಡುವೆ ಇಬ್ಬರೂ. ಸಿಮೆಂಟು ಬಿಸಿಲಿಗೆ ಕಾಯುತ್ತದೆಂದು ತಾವು ಹೊದಿಸಿದ ಶಾಲನ್ನು ಕೆಳಗೆ ಹಾಸಿಕೊಂಡಿದ್ದಾರೆ. ಒಳ್ಳೆಯ ಶಾಲು, ಮೆತ್ತಗಿದೆ ಎಂದು ತಮಗೆ ತಿಳಿಸಲು ಅವ್ವ ಹೇಳಿದ್ದಾಳೆ.

ತಮ್ಮ ಸತ್ಕಾರಕ್ಕೆ ತಾನೊಮ್ಮೆ, ತನ್ನ ಅವ್ವ ಒಮ್ಮೆ ಪಾತ್ರರಾಗಿ, ಮೂರನೆಯದಕ್ಕೆ ಹೆದರಿ ಕೂತಿರುವ,

ತಮ್ಮ ವಿಶ್ವಾಸಿ,
ರವಿಕಾಂತ

ತಾ.ಕ.: ಮನೆಗೆ ತಂದ ಫ್ಲೆಕ್ಸನ್ನು ಅವ್ವ ನಟ್ಟನಡುವೆ ಕತ್ತರಿಸಿದಳು. ತಮ್ಮ ಭಾಗವನ್ನು ಮಾಳಿಗೆಯ ಮೇಲೆ ಹಾಸಿ, ಅಂಚಿನ ಸುತ್ತ ಸಂಡಿಗೆ ಇಟ್ಟಿದ್ದಾಳೆ. ಕಾಗೆ ಗುಬ್ಬಿಗಳು ಮೇಲಿನಿಂದ ತಮ್ಮ ಮುಖ ನೋಡಿ ಹಾಗೆಯೇ ತಿರುಗಿ ಹೋಗುತ್ತಿವೆ. ಈ ವಾರ್ಡಿನಲ್ಲಿ ತಾವು ಏನನ್ನಾದರೂ ಕಾಯ್ದದ್ದು ಇದೇ ಮೊದಲು, ಹಾರ್ದಿಕ ಅಭಿನಂದನೆಗಳು. ತನ್ನ ಭಾಗವನ್ನು ಅವಳು ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಯಾಕೆಂದು ಕೇಳಿದ್ದಕ್ಕೆ ತಮಗೆಂದೇ ಹೇಳಿದ ಮಾತನ್ನು ಅವಳ ಬಾಯಿಂದ ಬಂದ ಹಾಗೆಯೇ ಬರೆಯುತ್ತಿದ್ದೇನೆ: “ನಾ ಹೋದಾಗ ಇದೇ ಹಚ್ಚಂತ ಹೇಳು ಅವಗ, ಹೊಸಾದು ಮಾಡ್ಸೂದು ಬ್ಯಾಡ. ಬೆಂಚಿನ ಮ್ಯಾಲ ಮಾತ್ರ ಹಚ್ಚಬ್ಯಾಡ ಅನ್ನು. ಅಲ್ಲಿ ಕಸ್ತೂರಿಬಾಯಿ ಕೂಡ್ತಾಳ.”